ಕೆಳದಿ ಅರಸರ ಅರಮನೆ ನೆಲೆಗಳು ಮತ್ತು ಕುಪ್ಪಳಿ ಕವಿಮನೆ ಗೃಹವಸ್ತು ಸಂಗ್ರಹಾಲಯ: ಸಂದರ್ಶಕರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು 1499ರಿಂದ 1763ರವರೆಗೆ ಆಳಿದ ಕೆಳದಿ ಅರಸರ ಮೂಲನೆಲೆಗಳಾಗಿವೆ. ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು (ಇಂದಿನ ನಗರ) ಒಂದರ ನಂತರ ಒಂದರಂತೆ ಈ ಅರಸರ ರಾಜಧಾನಿಗಳಾಗಿದ್ದವು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಪ್ರಮುಖ ಗಿರಿದುರ್ಗವಾಗಿತ್ತು.

ಈ ಸ್ಥಳಗಳಿಗೆ ಬರುವ ಸಾರ್ವಜನಿಕರಲ್ಲಿ ಅನೇಕರು ಅರಮನೆಯನ್ನೂ ಅದರೊಳಗಿನ ಮಂಚ, ದೀಪ, ಪಾತ್ರೆ, ಆಸನಗಳನ್ನೂ ಕಾಣಬಹುದೆಂಬ ನಿರೀಕ್ಷೆಯಿಂದ ಬರುತ್ತಾರೆ. ಮೈಸೂರು ಅರಮನೆಯನ್ನು ನೋಡಿದವರಿಗೆ ಇದು ಸಹಜವೇ ಆಗಿದೆ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಕೆಳದಿ ಅರಸರ ಅರಮನೆಗಳ ಪೈಕಿ ಉಳಿದಿರುವುದು ತಳಪಾಯ ಮತ್ತು ಕಲ್ಲಿನ ಭಾಗಗಳು ಮಾತ್ರ. ಗೃಹೋಪಯೋಗಿ ವಸ್ತುಗಳ ಸಮೇತ ಉಳಿದುಬಂದು ಸಂಗ್ರಹಾಲಯವಾಗಿರುವುದು ಅರಸರ ಅರಮನೆಯಲ್ಲ. ಒಂದು ಒಕ್ಕಲು ಮನೆತನದ ಮನೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ, ರಾಷ್ಟ್ರಕವಿ ಕುವೆಂಪು ಅವರು ಬಾಲ್ಯವನ್ನು ಕಳೆದ ‘ಕವಿಮನೆ’ಯೇ ಅದು. ಕೋಟೆಯಲ್ಲಿ ನೆಲ ಇದೆ, ವಸ್ತುಗಳಿಲ್ಲ, ಕುಪ್ಪಳಿಯಲ್ಲಿ ವಸ್ತುಗಳಿವೆ. ಆದ್ದರಿಂದ ಮಲೆನಾಡಿನ ಹಿಂದಿನ ಗೃಹಜೀವನವನ್ನು ತಿಳಿಯಲು ಬಯಸುವವರು ಎರಡನ್ನೂ ಒಟ್ಟಿಗೆ ನೋಡುವುದು ಸೂಕ್ತ. ಈ ಉದ್ದೇಶಕ್ಕೆ ಬೇಕಾದ ಮಾಹಿತಿಯನ್ನೂ, ತಮ್ಮ ಮನೆಗಳಲ್ಲಿ ಹಳೆಯ ವಸ್ತುಗಳನ್ನು ಹೊಂದಿರುವ ನಾಗರಿಕರು ತಿಳಿದಿರಬೇಕಾದ ಕಾನೂನಿನ ಅಂಶಗಳನ್ನೂ ಇಲ್ಲಿ ನೀಡಲಾಗಿದೆ.

ಅರಮನೆಗಳು ಉಳಿಯದಿರಲು ಕಾರಣ

ಇಕ್ಕೇರಿಯ ಅಘೋರೇಶ್ವರ ದೇವಾಲಯ ಮತ್ತು ಕೆಳದಿಯ ರಾಮೇಶ್ವರ, ವೀರಭದ್ರ ದೇವಾಲಯಗಳು ಇಂದಿಗೂ ಸುಸ್ಥಿತಿಯಲ್ಲಿವೆ. ಅದೇ ಅರಸರು ವಾಸವಿದ್ದ ಅರಮನೆಗಳು ಇಲ್ಲ. ದೇವಾಲಯಗಳನ್ನು ಪೂರ್ಣವಾಗಿ ಶಿಲೆಯಿಂದ ಕಟ್ಟಲಾಗಿತ್ತು. ವಾಸದ ಕಟ್ಟಡಗಳಿಗಾದರೋ ಕಲ್ಲಿನ ಜಗಲಿ, ಮಣ್ಣಿನ ಗೋಡೆ, ಮರದ ಕಂಬ ಮತ್ತು ತೊಲೆ ಎಂಬುದು ಮಲೆನಾಡಿನ ಪದ್ಧತಿಯಾಗಿತ್ತು. ಮಾಡು ಬಿದ್ದ ಮೇಲೆ ಇಲ್ಲಿನ ಮಳೆಗೆ ಮಣ್ಣಿನ ಗೋಡೆ ಹೆಚ್ಚು ವರ್ಷ ನಿಲ್ಲುವುದಿಲ್ಲ. ಮರಕ್ಕೆ ಗೆದ್ದಲು ಹಿಡಿಯುತ್ತದೆ ಅಥವಾ ಅದು ಬೇರೊಂದು ಮನೆಯ ತೊಲೆಯಾಗುತ್ತದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡಾಗ ಅರಮನೆಗೆ ಬೆಂಕಿ ಬಿದ್ದಿತೆಂದೂ, ಅಪಾರ ಸಂಪತ್ತು ಅವನ ಪಾಲಾಯಿತೆಂದೂ ಇತಿಹಾಸಕಾರರು ದಾಖಲಿಸಿರುತ್ತಾರೆ.

ಅರಮನೆಯ ಒಳಗಿನ ಸಜ್ಜಿಕೆ ಹೇಗಿತ್ತೆಂಬುದಕ್ಕೆ ಸಮಕಾಲೀನ ಬರಹವೊಂದು ಉಪಲಬ್ಧವಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಬಂದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನನ್ನು ಕಂಡಿದ್ದನು. ಅರಸನು ಅಂಗಳದ ಎದುರಿನ ಎತ್ತರದ ಜಗಲಿಯ ಮೇಲೆ, ಚಿನ್ನದ ಲೇಪವಿದ್ದ ಹಲಗೆಯ ಮಂಟಪವೊಂದರ ಕಂಬಕ್ಕೆ ಒರಗಿ, ಸಣ್ಣ ಹಾಸಿಗೆಯ ಮೇಲೆ ಕುಳಿತಿದ್ದನೆಂದು ಅವನು ವರ್ಣಿಸಿದ್ದಾನೆ. ನೆಲಕ್ಕೆ ಹಾಸಿದ್ದ ರತ್ನಗಂಬಳಿ ಸ್ವಲ್ಪ ಹಳೆಯದಾಗಿತ್ತು. ಬೆನ್ನ ಹಿಂದೆ ಬಿಳಿ ರೇಷ್ಮೆಯ ಎರಡು ದೊಡ್ಡ ದಿಂಬುಗಳಿದ್ದವು. ಈ ವಿವರಣೆಯಲ್ಲಿ ಎತ್ತರದ ಸಿಂಹಾಸನವಾಗಲಿ ಕುರ್ಚಿಗಳ ಸಾಲಾಗಲಿ ಇಲ್ಲ ಎಂಬುದು ಗಮನಾರ್ಹ. ಅಂಗಳ, ಜಗಲಿ, ಒರಗಲು ಕಂಬ, ಕೂರಲು ಹಾಸಿಗೆ ಇವಿಷ್ಟು ಅರಮನೆಗೂ ಆ ಸೀಮೆಯ ದೊಡ್ಡ ಮನೆಗಳಿಗೂ ಸಮಾನವಾಗಿದ್ದವು. ಕುಪ್ಪಳಿಯ ಮನೆಯನ್ನು ನೋಡಿ ಅರಮನೆಯ ನೆಲವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಕವಲೇದುರ್ಗ

ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ದೂರದಲ್ಲಿದೆ. ಇದಕ್ಕೆ ಭುವನಗಿರಿ ದುರ್ಗವೆಂಬ ಹೆಸರೂ ಇತ್ತು. ವೆಂಕಟಪ್ಪ ನಾಯಕನ ಕಾಲದಲ್ಲಿ ಇದು ಜೀರ್ಣೋದ್ಧಾರಗೊಂಡು ಬಲಗೊಂಡಿತು. ಗದ್ದೆಯ ಬದಿಯಿಂದ ಆರಂಭವಾಗುವ ಕಲ್ಲುಹಾಸಿನ ದಾರಿಯಲ್ಲಿ ನಡೆದು, ಒಂದರ ಮೇಲೊಂದಿರುವ ಕೋಟೆಯ ಸುತ್ತುಗಳನ್ನು ದಾಟಿ ಅರಮನೆಯ ನೆಲೆಗೆ ತಲುಪಬೇಕಾಗುತ್ತದೆ. ವಾಹನ ಮೇಲಕ್ಕೆ ಹೋಗುವುದಿಲ್ಲ.

ಇಲ್ಲಿ ಮಣ್ಣು ತೆಗೆದ ನಂತರ ಅರಮನೆಯ ಇಡೀ ತಳವಿನ್ಯಾಸ ಬೆಳಕಿಗೆ ಬಂದಿದೆ. ನಡುವೆ ಅಂಗಳ, ಸುತ್ತ ಜಗಲಿ, ಜಗಲಿಯ ಅಂಚಿನಲ್ಲಿ ಮರದ ಕಂಬಗಳನ್ನು ನಿಲ್ಲಿಸುತ್ತಿದ್ದ ಕಲ್ಲಿನ ಪೀಠಗಳ ಸಾಲು ಕಾಣುತ್ತವೆ. ಅಡುಗೆಮನೆಯ ಭಾಗದಲ್ಲಿ ಕಲ್ಲಿನಲ್ಲಿ ಕಡೆದ ಒಲೆ, ನೀರು ತುಂಬುವ ತೊಟ್ಟಿ, ನೀರು ಹೊರಹೋಗುವ ಕಾಲುವೆ ಹಾಗೂ ಸ್ನಾನದ ಸ್ಥಳವನ್ನು ಗುರುತಿಸಬಹುದು. ಸಂದರ್ಶಕರು ಸಾಮಾನ್ಯವಾಗಿ ಶಿಖರದ ದೇವಾಲಯ ಮತ್ತು ಅಲ್ಲಿಂದ ಕಾಣುವ ನೋಟಕ್ಕಾಗಿ ಅವಸರದಲ್ಲಿ ಮುಂದೆ ಸಾಗಿ ಈ ಒಲೆಯನ್ನು ದಾಟಿಹೋಗುತ್ತಾರೆ. ಅರಮನೆಯ ಗೃಹವಸ್ತುಗಳಲ್ಲಿ ಸ್ಥಳದಲ್ಲಿಯೇ ಉಳಿದಿರುವುದು ಹೊತ್ತೊಯ್ಯಲಾಗದ ಇಂಥವು ಮಾತ್ರ ಎಂಬುದನ್ನು ನೆನಪಿಟ್ಟು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಕಲ್ಲಿನ ಭಾಗಗಳ ಮೇಲೆ ಹತ್ತುವುದು, ಹೆಸರು ಗೀಚುವುದು, ಒಲೆಯಲ್ಲಿ ಬೆಂಕಿ ಹಾಕುವುದು ನಿಷಿದ್ಧ.

ನಗರ, ಇಕ್ಕೇರಿ ಮತ್ತು ಕೆಳದಿ

ನಗರದ ಕೋಟೆ ಹೊಸನಗರದಿಂದ ಸುಮಾರು 17 ಕಿ.ಮೀ. ದೂರದಲ್ಲಿ, ರಸ್ತೆಯ ಬದಿಯಲ್ಲಿಯೇ ಇರುವುದರಿಂದ ವೃದ್ಧರಿಗೂ ಮಕ್ಕಳಿಗೂ ಅನುಕೂಲಕರ. ಶಿವಪ್ಪ ನಾಯಕನ (1645–1660) ಕಾಲದಲ್ಲಿ ಬಿದನೂರು ತನ್ನ ಉನ್ನತ ಸ್ಥಿತಿಯನ್ನು ತಲುಪಿತ್ತು. ಕೋಟೆಯೊಳಗೆ ದರ್ಬಾರಿನ ಜಗಲಿ ಮತ್ತು ಅಕ್ಕ–ತಂಗಿ ಕೊಳಗಳೆಂದು ಕರೆಯಲಾಗುವ ಕೊಳಗಳಿವೆ. ಸಮೀಪದ ದೇವಗಂಗೆಯಲ್ಲಿ ಸ್ನಾನಕ್ಕಾಗಿ ಕಟ್ಟಿಸಿದ ಕೊಳಗಳ ಸಮೂಹವಿದೆ. ಅರಸುಮನೆತನದ ದಿನನಿತ್ಯದ ಸುಖಸೌಕರ್ಯವನ್ನು ಇಂದಿಗೂ ಕಣ್ಣಾರೆ ಕಾಣಿಸುವ ಸ್ಥಳ ಇದೇ ಎನ್ನಬಹುದು. ಕೊಳಗಳಲ್ಲಿ ಇಳಿಯಬಾರದು.

ಇಕ್ಕೇರಿಯಲ್ಲಿ ದೇವಾಲಯದ ಹೊರತು ಅರಮನೆಯ ಕುರುಹು ಹೆಚ್ಚಿಲ್ಲ. ಕೆಳದಿಯ ವಸ್ತುಸಂಗ್ರಹಾಲಯವು ಕುವೆಂಪು ವಿಶ್ವವಿದ್ಯಾಲಯದ ಅಧೀನದಲ್ಲಿದ್ದು, ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳು, ನಾಣ್ಯಗಳು, ಆಯುಧಗಳು ಮತ್ತು ಕೆಳದಿ ಕಾಲಕ್ಕೆ ಸಂಬಂಧಿಸಿದ ಇತರ ವಸ್ತುಗಳನ್ನು ಹೊಂದಿದೆ. ಸಂಶೋಧಕರಿಗೆ ಇದು ಅತ್ಯಂತ ಉಪಯುಕ್ತ.

ಶಿವಮೊಗ್ಗ ನಗರದಲ್ಲಿ ‘ಶಿವಪ್ಪ ನಾಯಕ ಅರಮನೆ’ ಎಂದು ಹೆಸರಾದ ಮರದ ಕಂಬಗಳ ಎರಡಂತಸ್ತಿನ ಕಟ್ಟಡ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಇದು ಈ ಮೂರು ತಾಲ್ಲೂಕುಗಳ ಹೊರಗಿದ್ದರೂ ಮಾರ್ಗದಲ್ಲಿಯೇ ಸಿಗುತ್ತದೆ. ಆದರೆ ಇಲ್ಲಿ ಪ್ರದರ್ಶಿತವಾಗಿರುವುದು ಮುಖ್ಯವಾಗಿ ಜಿಲ್ಲೆಯ ವಿವಿಧೆಡೆ ದೊರೆತ ಶಿಲ್ಪಗಳು, ಶಾಸನಗಳು ಮತ್ತು ವೀರಗಲ್ಲುಗಳು. ಅರಮನೆಯ ಪೀಠೋಪಕರಣಗಳನ್ನು ನಿರೀಕ್ಷಿಸಬಾರದು. ಕಟ್ಟಡದ ಮರದ ಕೆಲಸವನ್ನೇ ನೋಡತಕ್ಕದ್ದು.

ಕುಪ್ಪಳಿ ಕವಿಮನೆ

ತೀರ್ಥಹಳ್ಳಿ–ಕೊಪ್ಪ ಮಾರ್ಗದಲ್ಲಿ ಗಡಿಕಲ್ಲಿನ ಬಳಿ ತಿರುಗಿದರೆ ಕುಪ್ಪಳಿ ಸಿಗುತ್ತದೆ. ತೀರ್ಥಹಳ್ಳಿಯಿಂದ ಒಟ್ಟು ದೂರ 20 ಕಿ.ಮೀ. ಒಳಗೆ. ಕುವೆಂಪು ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ಬೆಳೆದದ್ದು ಕುಪ್ಪಳಿಯ ಈ ಮನೆಯಲ್ಲಿ. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಮನೆಯನ್ನು ಜೀರ್ಣೋದ್ಧಾರಗೊಳಿಸಿ ಸಂಗ್ರಹಾಲಯವಾಗಿ ನಿರ್ವಹಿಸುತ್ತಿದೆ.

ಇದು ಮಲೆನಾಡಿನಲ್ಲಿ ಚೌಕಿಮನೆ ಅಥವಾ ತೊಟ್ಟಿಮನೆ ಎಂದು ಕರೆಯುವ ಬಗೆಯ, ಮೂರು ಅಂತಸ್ತಿನ ಮನೆ. ಒಳಗೆ ಕಾಲಿಟ್ಟೊಡನೆ ತೆರೆದ ಅಂಗಳ, ತುಳಸಿಕಟ್ಟೆ, ಸುತ್ತ ಜಗಲಿ ಮತ್ತು ದಪ್ಪ ಮರದ ಕಂಬಗಳು ಎದುರಾಗುತ್ತವೆ. ಕವಲೇದುರ್ಗದಲ್ಲಿ ಬರಿಯ ಪೀಠಗಳಾಗಿ ಕಂಡ ಸಾಲಿನ ಮೇಲೆ ಏನು ನಿಂತಿದ್ದಿರಬಹುದೆಂಬುದು ಇಲ್ಲಿ ತಾನಾಗಿಯೇ ತಿಳಿಯುತ್ತದೆ.

ಜಗಲಿಯು ಮನೆಯ ಕಚೇರಿಯಾಗಿತ್ತು. ಬಂದವರನ್ನು ಕೂರಿಸುವುದು, ಎಲೆಯಡಿಕೆಯ ಹರಿವಾಣ ಮುಂದಿಡುವುದು, ಆಳುಗಳ ಲೆಕ್ಕ ನೋಡುವುದು, ನ್ಯಾಯ ಹೇಳುವುದು ಎಲ್ಲವೂ ಅಲ್ಲಿಯೇ ನಡೆಯುತ್ತಿತ್ತು. ಮಲೆನಾಡಿನ ಇಂಥ ಮನೆಗಳಲ್ಲಿ ಬತ್ತವನ್ನು ಪಣತದಲ್ಲಿ ತುಂಬಿಡುತ್ತಿದ್ದರು. ಕೊಳಗ, ಸೇರು, ಪಾವುಗಳಲ್ಲಿ ಅಳೆದು ಕೊಡುತ್ತಿದ್ದರು. ಆಳಿನ ಕೂಲಿಯನ್ನೂ ಬತ್ತದಲ್ಲಿಯೇ ಅಳೆಯುತ್ತಿದ್ದುದರಿಂದ ಕೊಳಗವೆಂಬುದು ಬರಿಯ ಪಾತ್ರೆಯಾಗಿರಲಿಲ್ಲ. ಅದನ್ನು ನೋಡುವಾಗ ಜಗಲಿಯ ಮೇಲೆ ಕೂತವರ ಜೊತೆಗೆ ಅಂಗಳದ ಅಂಚಿನಲ್ಲಿ ನಿಂತವರನ್ನೂ ನೆನೆಯಬೇಕಾಗುತ್ತದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳಲ್ಲಿ ಈ ಎರಡೂ ಬಗೆಯ ಜನರಿದ್ದಾರೆ. ಭೇಟಿಗೆ ಮುನ್ನ ಅವುಗಳಲ್ಲಿ ಒಂದನ್ನಾದರೂ ಓದಿದವರಿಗೆ ಮನೆಯ ಮೂಲೆಮೂಲೆಯೂ ಪರಿಚಿತವೆನಿಸುತ್ತದೆ.

ಅಡುಗೆಯ ಪಾತ್ರೆಗಳು, ಬೇಸಾಯದ ಉಪಕರಣಗಳು ಮತ್ತು ನಿತ್ಯಬಳಕೆಯ ಇತರ ವಸ್ತುಗಳನ್ನು ಮನೆಯೊಳಗೆ ಪ್ರದರ್ಶಿಸಲಾಗಿದೆ. ಕವಿಯ ವಿವಾಹ ಮಂಟಪ, ಅವರು ಬಳಸುತ್ತಿದ್ದ ವಸ್ತುಗಳು, ಛಾಯಾಚಿತ್ರಗಳು ಮತ್ತು ಪುಸ್ತಕಗಳೂ ಇವೆ. ಹೆಚ್ಚಿನ ಸಂದರ್ಶಕರು ಕವಿಗೆ ಸಂಬಂಧಿಸಿದ ವಸ್ತುಗಳ ಮುಂದೆಯೇ ನಿಲ್ಲುತ್ತಾರೆ. ಪಾತ್ರೆ, ಮರಗೆಲಸ ಮತ್ತು ಬೇಸಾಯದ ಸಾಮಾನುಗಳಿಗೂ ಅಷ್ಟೇ ಸಮಯ ಕೊಡುವುದು ಉಚಿತ, ಏಕೆಂದರೆ ಅವುಗಳ ಬಳಕೆಯನ್ನು ಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮಕ್ಕಳೊಂದಿಗೆ ಬರುವವರು ಸಾಧ್ಯವಾದರೆ ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು ಕರೆತರುವುದು ಒಳ್ಳೆಯದು. ನೆಲುವಿನಲ್ಲಿ ಹಾಲಿನ ಗಡಿಗೆಯನ್ನು ಏಕೆ ತೂಗುಹಾಕುತ್ತಿದ್ದರು, ಕಡೆಗೋಲಿನ ಹಗ್ಗವನ್ನು ಯಾವ ಹೊತ್ತಿನಲ್ಲಿ ಎಳೆಯುತ್ತಿದ್ದರು, ನಾಟಿಯ ಸಮಯದಲ್ಲಿ ಗೊರಬನ್ನು ತಲೆಯಿಂದ ಬೆನ್ನಿಗೆ ಹೇಗೆ ಹೊದೆಯುತ್ತಿದ್ದರು, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲಾ ಅಡಿಕೆ ಸುಲಿಯುವಾಗ ಏನೇನು ಕಥೆ ನಡೆಯುತ್ತಿತ್ತು ಎಂಬುದನ್ನು ಯಾವ ಫಲಕವೂ ಅವರಷ್ಟು ಚೆನ್ನಾಗಿ ಹೇಳಲಾರದು.

2015ರ ನವೆಂಬರ್ ತಿಂಗಳಲ್ಲಿ ಕವಿಮನೆಯಲ್ಲಿ ಕಳವು ನಡೆದು, ಕವಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು. ನಿರ್ಜನ ಪ್ರದೇಶದ ಮರದ ಮನೆಯೊಂದರಲ್ಲಿ ಬೆಲೆಬಾಳುವ ವಸ್ತುಗಳನ್ನು ಕಾಪಾಡುವುದು ಎಷ್ಟು ಕಷ್ಟವೆಂಬುದನ್ನು ಈ ಘಟನೆ ತೋರಿಸಿತು. ಒಳಗೆ ಚೀಲ ಒಯ್ಯುವುದು, ವಸ್ತುಗಳನ್ನು ಮುಟ್ಟುವುದು, ಛಾಯಾಚಿತ್ರ ತೆಗೆಯುವುದು ಇವುಗಳ ಬಗ್ಗೆ ಸಿಬ್ಬಂದಿ ನೀಡುವ ಸೂಚನೆಗಳನ್ನು ಸಂದರ್ಶಕರು ಬೇಸರಿಸಿಕೊಳ್ಳದೆ ಪಾಲಿಸಬೇಕಾಗಿ ಕೋರಲಾಗಿದೆ.

ಮನೆಯ ಹಿಂದಿನ ಗುಡ್ಡದ ಮೇಲೆ ಕವಿಶೈಲವಿದೆ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದ ಕುವೆಂಪು ಅವರ ಅಂತ್ಯಕ್ರಿಯೆ ಇಲ್ಲಿ ನೆರವೇರಿತು. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸದಂತೆ ಬೃಹತ್ ಶಿಲೆಗಳ ಸ್ಮಾರಕವನ್ನು ನಿಲ್ಲಿಸಲಾಗಿದೆ. ಸಂಜೆಯ ಹೊತ್ತು ಇಲ್ಲಿಗೆ ಪ್ರಶಸ್ತ. ಸಮೀಪದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಅಧ್ಯಯನ ಕೇಂದ್ರವೂ ಇದೆ.

ಗೋಡೆಯ ಅಲಂಕಾರ ಮತ್ತು ಮರದ ಕೆತ್ತನೆ

ಮನೆಯ ಸಜ್ಜಿಕೆಯೆಂದರೆ ಪೀಠೋಪಕರಣ ಮಾತ್ರವಲ್ಲ. ಸಾಗರ ಸೀಮೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇದರ ಬಣ್ಣಗಳು. ಪುಂಡಿ ನಾರು ಕುಂಚ. ಮದುವೆಯ ಹಸೆಗೋಡೆಗೆ ಇದು ಅನಿವಾರ್ಯವಾಗಿತ್ತು. ಸಿಮೆಂಟಿನ ಗೋಡೆಗಳು ಬಂದ ಮೇಲೆ ಚಿತ್ತಾರವು ಬಟ್ಟೆ ಮತ್ತು ಕಾಗದಕ್ಕೆ ವರ್ಗಾವಣೆಗೊಂಡಿದೆ. ಸಾಗರ ಮತ್ತು ಸೊರಬದ ಗುಡಿಗಾರ ಕುಟುಂಬಗಳು ಶ್ರೀಗಂಧ ಮೊದಲಾದ ಮರಗಳ ಕೆತ್ತನೆಯಲ್ಲಿ ಹೆಸರಾದವರು. ಸಾಗರ ಪಟ್ಟಣದಲ್ಲಿ ಇವರ ಕೆಲಸವನ್ನು ಇಂದಿಗೂ ನೋಡಬಹುದು.

ನಾಗರಿಕರ ಮನೆಗಳಲ್ಲಿರುವ ಹಳೆಯ ವಸ್ತುಗಳು

ಶರಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಮುಳುಗಡೆಯಾದವು. ಕಂಬ, ಬಾಗಿಲು, ಹಂಡೆ, ಒರಳುಗಳಲ್ಲಿ ಸಾಗಿಸಬಹುದಾದುದನ್ನು ಮಾತ್ರ ಹೊತ್ತು ಕುಟುಂಬಗಳು ಬೇರೆ ತಾಲ್ಲೂಕುಗಳಿಗೆ ಹೋಗಬೇಕಾಯಿತು. ನೀರು ಬಾರದ ಊರುಗಳಲ್ಲಿಯೂ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಕೆತ್ತನೆಯ ಬಾಗಿಲುವಾಡ, ಕಂಬ, ಪೆಟ್ಟಿಗೆಗಳನ್ನು ಗುಜರಿಯ ಬೆಲೆಗೆ ಕೊಡಲಾಗುತ್ತಿದೆ. ಮಾರುವ ಮುನ್ನ ಈ ಕೆಳಗಿನ ಅಂಶಗಳನ್ನು ತಿಳಿದಿರತಕ್ಕದ್ದು.

ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾ ಅಥವಾ ಐತಿಹಾಸಿಕ ಮಹತ್ವದ ವಸ್ತು ‘ಪ್ರಾಚೀನ ವಸ್ತು’ ಎನಿಸಿಕೊಳ್ಳುತ್ತದೆ. ಕಟ್ಟಡದಿಂದ ಬೇರ್ಪಡಿಸಿದ ಭಾಗಗಳೂ ಈ ವ್ಯಾಖ್ಯೆಯಲ್ಲಿ ಸೇರಿವೆ. ಅಂದರೆ ಮನೆ ಕೆಡವಿದಾಗ ಕಳಚಿದ ಶತಮಾನ ಹಳೆಯ ಕೆತ್ತನೆಯ ಕಂಬವೂ ಇದರ ವ್ಯಾಪ್ತಿಗೆ ಬರಬಹುದು. ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಗಳಿಗೆ ನಿಗದಿತ ಅವಧಿ ಎಪ್ಪತ್ತೈದು ವರ್ಷ.

ಎಲ್ಲ ಪ್ರಾಚೀನ ವಸ್ತುಗಳಿಗೂ ನೋಂದಣಿ ಕಡ್ಡಾಯವಲ್ಲ. ಕಲ್ಲು, ಸುಟ್ಟ ಮಣ್ಣು, ಲೋಹ, ದಂತ, ಮೂಳೆ ಮತ್ತು ಮರದ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಗಳಿರುವ ಹಸ್ತಪ್ರತಿಗಳು ಮುಂತಾಗಿ ಕೇಂದ್ರ ಸರ್ಕಾರವು ಅಧಿಸೂಚಿಸಿರುವ ವರ್ಗಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಅಜ್ಜನ ಕಾಲದ ತಾಮ್ರದ ಹಂಡೆಯನ್ನು ಇಟ್ಟುಕೊಂಡವರು ಅನಗತ್ಯವಾಗಿ ಗಾಬರಿಪಡಬೇಕಾಗಿಲ್ಲ. ನೋಂದಣಿಯಾದ ವಸ್ತುವು ಮಾಲೀಕರ ಬಳಿಯಲ್ಲಿಯೇ ಉಳಿಯುತ್ತದೆ. ಸರ್ಕಾರ ಕೊಂಡೊಯ್ಯುತ್ತದೆಂಬ ಭಯದಿಂದ ಮುಚ್ಚಿಡುವುದು ಸರಿಯಲ್ಲ. ಅದನ್ನು ಬೇರೆಯವರಿಗೆ ವರ್ಗಾಯಿಸಿದಾಗ ನೋಂದಣಾಧಿಕಾರಿಗೆ ತಿಳಿಸಬೇಕು. ಪ್ರಾಚೀನ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಅಗತ್ಯ. ಮನೆ ಬಾಗಿಲಿಗೆ ಬರುವ ವ್ಯಾಪಾರಿಯಿಂದ ಪರವಾನಗಿ ತೋರಿಸುವಂತೆ ಕೇಳಲು ಹಿಂಜರಿಯಬಾರದು. ಖಾಸಗಿ ವ್ಯಕ್ತಿಗಳು ಪ್ರಾಚೀನ ವಸ್ತುಗಳನ್ನು ವಿದೇಶಕ್ಕೆ ಸಾಗಿಸುವುದು ಅಪರಾಧವಾಗಿದ್ದು, ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಕಾರಾವಾಸ ಮತ್ತು ದಂಡಕ್ಕೆ ಗುರಿಪಡಿಸುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಹಳೆಯ ವಿಗ್ರಹವನ್ನೋ ದೀಪವನ್ನೋ ಕಳುಹಿಸುವ ಮುನ್ನ ಅದು ಪ್ರಾಚೀನ ವಸ್ತುವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣಾಲಯವನ್ನು ಸಂಪರ್ಕಿಸತಕ್ಕದ್ದು. ಭೂಮಿಯಲ್ಲಿ ಹುದುಗಿದ್ದು ದೊರೆತ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ.

ವಸ್ತುಗಳನ್ನು ಸಂಗ್ರಹಾಲಯಕ್ಕೆ ದಾನವಾಗಿ ಕೊಡಬಯಸುವವರು ನೇರವಾಗಿ ಹೊತ್ತು ತರುವ ಬದಲು, ಮೊದಲು ಛಾಯಾಚಿತ್ರ ಮತ್ತು ವಿವರದೊಂದಿಗೆ ಲಿಖಿತವಾಗಿ ಕೇಳುವುದು ಸೂಕ್ತ. ವಿವರದಲ್ಲಿ ವಸ್ತುವಿನ ಸ್ಥಳೀಯ ಹೆಸರು, ಯಾವ ಊರಿನ ಯಾವ ಬಗೆಯ ಮನೆಯಲ್ಲಿತ್ತು, ಯಾರು ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬುದನ್ನು ಬರೆಯಬೇಕು. ಈ ವಿವರವಿಲ್ಲದ ಮರಿಗೆ ಸಂಗ್ರಹಾಲಯದಲ್ಲಿ ಒಂದು ಮರದ ತುಂಡಷ್ಟೇ ಆಗಿಬಿಡುತ್ತದೆ. ಸ್ವೀಕೃತಿ ಪತ್ರವನ್ನು ಪಡೆದು ಕಾಪಾಡಿಕೊಳ್ಳತಕ್ಕದ್ದು.

ಪ್ರಯಾಣ

ತೀರ್ಥಹಳ್ಳಿ ಮತ್ತು ಹೊಸನಗರ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಸಾಗರಕ್ಕೆ ರೈಲಿನಲ್ಲಿ ಬರಬಹುದು. ಶಿವಮೊಗ್ಗದ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾಗಿದ್ದು, ಅದಕ್ಕೂ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನೇ ಇಡಲಾಗಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ತೀರ್ಥಹಳ್ಳಿಯಲ್ಲಿ ತಂಗುವವರು ಬೆಳಿಗ್ಗೆ ಬಿಸಿಲೇರುವ ಮೊದಲು ಕವಲೇದುರ್ಗವನ್ನೂ ಮಧ್ಯಾಹ್ನದ ನಂತರ ಕುಪ್ಪಳಿಯನ್ನೂ ಒಂದೇ ದಿನದಲ್ಲಿ ನೋಡಬಹುದು. ನಗರ, ಇಕ್ಕೇರಿ, ಕೆಳದಿಗಳಿಗೆ ಇನ್ನೊಂದು ದಿನ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಭಾರಿ ಮಳೆಯಿರುತ್ತದೆ. ಕವಲೇದುರ್ಗದ ಕಲ್ಲುಹಾಸು ಆಗ ಪಾಚಿಗಟ್ಟಿ ಜಾರುತ್ತದೆ. ಇಂಬಳದ ಕಾಟವೂ ಇರುತ್ತದೆ. ಕವಿಮನೆಯನ್ನು ಮಾತ್ರ ಮಳೆಗಾಲದಲ್ಲಿ ನೋಡುವುದಕ್ಕೆ ಬೇರೆಯೇ ಅರ್ಥವಿದೆ, ಅಂಗಳಕ್ಕೆ ನೀರು ಸುರಿಯುವಾಗ ಅಷ್ಟು ಅಗಲದ ಜಗಲಿ ಏಕೆ ಬೇಕಾಗಿತ್ತೆಂಬುದು ಆಗ ತಿಳಿಯುತ್ತದೆ. ಶಾಲಾ ತಂಡಗಳು ವಿದ್ಯಾರ್ಥಿಗಳ ಸಂಖ್ಯೆ, ಭೇಟಿಯ ದಿನಾಂಕ ಮತ್ತು ಜೊತೆಗಿರುವ ಶಿಕ್ಷಕರ ವಿವರಗಳೊಂದಿಗೆ ಮುಖ್ಯೋಪಾಧ್ಯಾಯರ ಪತ್ರದ ಮೂಲಕ ಆಯಾ ಸಂಸ್ಥೆಗೆ ಮುಂಚಿತವಾಗಿ ತಿಳಿಸತಕ್ಕದ್ದು. ಉಪ್ಪರಿಗೆಯ ಮರದ ಮೆಟ್ಟಿಲು ಮತ್ತು ಹಲಗೆಗಳ ಮೇಲೆ ಎಲ್ಲರೂ ಒಮ್ಮೆಗೇ ಹತ್ತದಂತೆ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕರೆದೊಯ್ಯಬೇಕು. ವೀಕ್ಷಣೆಯ ವೇಳೆ, ವಾರದ ರಜೆ ಮತ್ತು ಪ್ರವೇಶ ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು.